ಭಾಷೆಯ ನೆಲೆ ಭೂಪಟದಲ್ಲಿದೆಯೆ?
ತೆಲುಗು, ಗುಜರಾತಿಗಳ ಹರವನ್ನು ಕಲಬುರಗಿಯಿಂದ ಅಳೆದಾಗ

ತೆಲುಗನ್ನು ಎಲ್ಲಿ ಆಡುತ್ತಾರೆ? ಗುಜರಾತಿಯನ್ನು ಎಲ್ಲಿ ಆಡುತ್ತಾರೆ? ಪ್ರೌಢಶಾಲೆಯ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಅವನು ಗೋಡೆಯ ಮೇಲಣ ಭೂಪಟದ ಬಳಿಗೆ ಹೋಗಿ, ಪೂರ್ವ ಕರಾವಳಿಯ ಒಂದು ಬಣ್ಣವನ್ನೂ ಪಶ್ಚಿಮದ ತುದಿಯ ಇನ್ನೊಂದು ಬಣ್ಣವನ್ನೂ ಬೆರಳಿನಿಂದ ತೋರಿಸಿಯಾನು. ಉತ್ತರ ತಪ್ಪೆನ್ನುವಂತಿಲ್ಲ, ಆದರೆ ಪೂರ್ಣವೆನ್ನುವಂತೆಯೂ ಇಲ್ಲ. ಭೂಪಟದ ಬಣ್ಣವು ನೆಲಕ್ಕೆ ಹಚ್ಚಿದ್ದು. ಭಾಷೆಯಾದರೋ ನೆಲದಲ್ಲಿರುವುದಿಲ್ಲ, ಮನುಷ್ಯನ ನಾಲಗೆಯಲ್ಲಿರುವುದು. ಮನುಷ್ಯನು ನಡೆಯಬಲ್ಲ ಪ್ರಾಣಿ. ಈ ಒಂದು ಸಂಗತಿಯನ್ನು ಮರೆತರೆ ಎಂತಹ ಎಡವಟ್ಟುಗಳಾಗುವುವು ಎಂಬುದನ್ನು ಈ ಎರಡು ಭಾಷೆಗಳನ್ನು ಹೋಲಿಸಿ ನೋಡಿ ತಿಳಿಯಬಹುದು.

ಮೂಲಬಿಂದು

ಯಾವ ಸ್ಥಾನವನ್ನು ಅಳೆಯಬೇಕಾದರೂ ಮೊದಲು ಒಂದು ಮೂಲಬಿಂದುವನ್ನು ಗೊತ್ತುಮಾಡಿಕೊಳ್ಳಬೇಕು. ನಮ್ಮ ಕೆಲಸಕ್ಕೆ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನವನ್ನು ಆರಿಸಿಕೊಳ್ಳೋಣ. ಈ ಆಯ್ಕೆಗೆ ಕಾರಣವುಂಟು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹವನ್ನು ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಜಾತ್ರೆ ಪ್ರತಿವರ್ಷವೂ ಹೋಳಿ ಹುಣ್ಣಿಮೆಯ ಅನಂತರ ಇಲ್ಲಿ ನೆರೆಯುವುದು. ತೇರಿನ ದಿನ ಆ ಅಂಗಳದಲ್ಲಿ ಕಿವಿಗೊಟ್ಟು ನಿಂತರೆ ಸಾಕು. ಕನ್ನಡದೊಡನೆ ತೆಲುಗು, ಮರಾಠಿ, ದಖನಿ ಉರ್ದು, ಲಂಬಾಣಿ, ಇಷ್ಟು ಮಾತುಗಳು ಕೇಳಿಬರುವುವು. ಇವುಗಳಲ್ಲಿ ಕನ್ನಡ, ತೆಲುಗುಗಳು ದ್ರಾವಿಡ ಕುಲದವು; ಉಳಿದ ಮೂರು ಭಾರತೀಯ ಆರ್ಯ ಕುಲದವು. ಭಾರತದ ಎರಡು ದೊಡ್ಡ ಭಾಷಾಕುಲಗಳು ಸಂಧಿಸುವ ಸ್ಥಳವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ.

ಈಗ ಅಳತೆ. ದೇವಸ್ಥಾನದಿಂದ ಪೂರ್ವಕ್ಕೆ ನೇರವಾಗಿ ಸುಮಾರು 80 ಕಿಲೋಮೀಟರು ಹೋದರೆ ತೆಲಂಗಾಣದ ತಾಂಡೂರು. ಸುಮಾರು 175 ಕಿಲೋಮೀಟರಿಗೆ ಹೈದರಾಬಾದು. ವಾಯವ್ಯಕ್ಕೆ ತಿರುಗಿದರೆ, ಗುಜರಾತಿನ ಅತಿ ಸಮೀಪದ ನೆಲವೇ ಸುಮಾರು 500 ಕಿಲೋಮೀಟರು. ಅಹಮದಾಬಾದು 770 ಕಿಲೋಮೀಟರಿನಷ್ಟು. ಈ ಅಂಕಿಗಳನ್ನು ನೋಡಿದವರು ತೆಲುಗು ಕಲಬುರಗಿಗೆ ನೆರೆಮನೆ, ಗುಜರಾತಿ ಪರದೇಶ ಎಂದು ಕೂಡಲೇ ತೀರ್ಮಾನಿಸಿಬಿಡುವರು. ಆ ತೀರ್ಮಾನ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ನೋಡೋಣ.

ಎರಡು ಹರವುಗಳು

2011ರ ಜನಗಣತಿಯಂತೆ ಭಾರತದಲ್ಲಿ ತೆಲುಗು ಮಾತೃಭಾಷೆಯಾಗಿರುವವರು ಸುಮಾರು 8 ಕೋಟಿ 11 ಲಕ್ಷ. ಗುಜರಾತಿಯವರು ಸುಮಾರು 5 ಕೋಟಿ 55 ಲಕ್ಷ. ಸಂಖ್ಯೆಯಲ್ಲಿ ತೆಲುಗಿಗೆ ದೇಶದಲ್ಲಿ ನಾಲ್ಕನೆಯ ಸ್ಥಾನ, ಗುಜರಾತಿಗೆ ಆರನೆಯದು. ಕನ್ನಡವು 4 ಕೋಟಿ 37 ಲಕ್ಷ ಜನರೊಡನೆ ಎಂಟನೆಯದು.

ತೆಲುಗಿನ ಹರವು ಹಾಸಿದ ಕಂಬಳಿಯಂಥದು. ಆಂಧ್ರಪ್ರದೇಶ, ತೆಲಂಗಾಣ ಎರಡನ್ನೂ ಸೇರಿಸಿದರೆ ಸುಮಾರು 2 ಲಕ್ಷ 75 ಸಾವಿರ ಚದರ ಕಿಲೋಮೀಟರುಗಳಷ್ಟು ನೆಲ. ಅದರಲ್ಲಿ ಸಮುದ್ರದ ತೀರದಿಂದ ದಖನಿನ ಪ್ರಸ್ಥಭೂಮಿಯವರೆಗೆ ಹಳ್ಳಿಯಿಂದ ಹಳ್ಳಿಗೆ ತೆಲುಗು ಹಬ್ಬಿಕೊಂಡಿದೆ. ನಡುವೆ ಗೋಂಡಿ, ಕೋಲಾಮಿ ಮೊದಲಾದ ಗಿರಿಜನರ ಭಾಷೆಗಳುಂಟು, ಪಟ್ಟಣಗಳಲ್ಲಿ ಉರ್ದುವುಂಟು. ಕಂಬಳಿಯ ಅಂಚು ರಾಜ್ಯದ ಗಡಿಯಲ್ಲಿ ನಿಲ್ಲದೆ ಆಚೆಗೂ ಚಾಚಿದೆ. ಅದೇ ಜನಗಣತಿಯಲ್ಲಿ ತಮಿಳುನಾಡಿನಲ್ಲಿ 42 ಲಕ್ಷಕ್ಕೂ, ಕರ್ನಾಟಕದಲ್ಲಿ 35 ಲಕ್ಷಕ್ಕೂ ಹೆಚ್ಚು ತೆಲುಗರು ಲೆಕ್ಕಕ್ಕೆ ಸಿಕ್ಕಿದರು.

ಗುಜರಾತಿಯ ಸ್ವರೂಪವೇ ಬೇರೆ. ಅದರ ತವರು 1 ಲಕ್ಷ 96 ಸಾವಿರ ಚದರ ಕಿಲೋಮೀಟರಿನ ಗುಜರಾತು. ಅಲ್ಲಿಯೂ ಕಚ್ಛದಲ್ಲಿ ಸಿಂಧಿಗೆ ಹತ್ತಿರವಾದ ಕಚ್ಛಿಯನ್ನೂ, ಪೂರ್ವದ ಬೆಟ್ಟಗಳಲ್ಲಿ ಭೀಲರ ಮಾತುಗಳನ್ನೂ ಆಡುವರು. ತವರಿನ ಹೊರಗೆ ಗುಜರಾತಿಯನ್ನು ಕಾಣಬೇಕಾದರೆ ನೆರೆಯ ಹಳ್ಳಿಗಳಿಗಿಂತ ದೂರದ ಪೇಟೆಗಳಲ್ಲಿ ಹುಡುಕಬೇಕು. ಮುಂಬಯಿ, ಕರಾಚಿ, ಪೂರ್ವ ಆಫ್ರಿಕದ ಬಂದರುಗಳು, ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳು, ಇವೇ ಅದರ ದ್ವೀಪಗಳು. ಮಹಾರಾಷ್ಟ್ರವೊಂದರಲ್ಲೇ 2011ರಲ್ಲಿ 23 ಲಕ್ಷಕ್ಕೂ ಹೆಚ್ಚು ಗುಜರಾತಿಗರಿದ್ದರು. ಅವರಲ್ಲಿ ಬಹುಪಾಲು ಮುಂಬಯಿಯ ಸುತ್ತಮುತ್ತಣವರು. ಶರಣಬಸವೇಶ್ವರರು ಲಿಂಗೈಕ್ಯರಾದ 1822ನೆಯ ಇಸವಿಯಲ್ಲಿಯೇ ಗುಜರಾತಿಯ ಹೆಸರಾಂತ ಪತ್ರಿಕೆಯಾದ ‘ಮುಂಬಯಿ ಸಮಾಚಾರ’ ಹೊರಟಿತು. ಅದು ಹುಟ್ಟಿದ್ದು ಅಹಮದಾಬಾದಿನಲ್ಲಾಗಲಿ ಸೂರತಿನಲ್ಲಾಗಲಿ ಅಲ್ಲ, ಮುಂಬಯಿಯಲ್ಲಿ. ಹೊರಡಿಸಿದವರು ಗುಜರಾತಿಯನ್ನಾಡುವ ಪಾರಸಿಗಳು.

ನೀರಿನಂತೆ, ಬೀಜದಂತೆ

ಒಂದು ಭಾಷೆ ಕಂಬಳಿಯಂತೆ ಹಾಸಿಕೊಂಡಿರಲು, ಇನ್ನೊಂದು ದ್ವೀಪಗಳಾಗಿ ಚದರಿರಲು ಕಾರಣವೇನು? ಭಾಷೆಯ ಒಳಗುಣದಲ್ಲಿ ಅದನ್ನು ಹುಡುಕಿ ಫಲವಿಲ್ಲ. ಆಡುವವರ ಕಸುಬಿನಲ್ಲಿ ಹುಡುಕಬೇಕು.

ಒಕ್ಕಲಿಗನು ನೆಲಕ್ಕೆ ಅಂಟಿಕೊಂಡವನು. ಅವನ ಮಕ್ಕಳಿಗೆ ಹೊಲ ಸಾಲದಾದಾಗ ಅವರು ಪಕ್ಕದ ಕಾಡನ್ನು ಕಡಿದು ಕೆರೆ ಕಟ್ಟಿ ಉಳುವರು. ಒದ್ದೆಯಾದ ಬಟ್ಟೆಯ ಕಲೆ ಅಂಚಿನಿಂದ ಅಂಚಿಗೆ ಹರಡುವಂತೆ ಅವರ ಮಾತು ಹರಡುವುದು. ತೆಲುಗಿನ ಹರವು ಬಹುಮಟ್ಟಿಗೆ ಇಂಥದು. ವಿಜಯನಗರದ ಕಾಲದಲ್ಲಿಯೂ ಅನಂತರದ ನಾಯಕರ ಕಾಲದಲ್ಲಿಯೂ ತೆಲುಗು ಒಕ್ಕಲಿಗರು, ಯೋಧರು ತಮಿಳುನಾಡಿನ ಎರೆಭೂಮಿಯವರೆಗೂ ಹೋಗಿ ನೆಲೆನಿಂತರು.

ವರ್ತಕನಾದರೋ ನಡುವಣ ನೆಲವನ್ನು ಲೆಕ್ಕಿಸುವವನಲ್ಲ. ಅವನಿಗೆ ಬೇಕಾದುದು ಬಂದರು, ಪೇಟೆ. ಗಾಳಿಗೆ ಹಾರಿದ ಎಕ್ಕದ ಬೀಜ ನೂರು ಗಜ ದಾಟಿ ಬಿದ್ದಲ್ಲಿ ಮೊಳೆಯುವಂತೆ, ಅವನ ಮಾತು ಒಂದು ಪಟ್ಟಣದಿಂದ ಹಾರಿ ಮತ್ತೊಂದರಲ್ಲಿ ಚಿಗುರುವುದು. ಭಾರತದ ರಾಜ್ಯಗಳಲ್ಲಿ ಅತಿ ಉದ್ದವಾದ ಕರಾವಳಿಗಳಲ್ಲೊಂದನ್ನು ಪಡೆದ ಗುಜರಾತಿನ ಮಾತು ಹೀಗೆ ಹಾರಿದುದರಲ್ಲಿ ಅಚ್ಚರಿಯಿಲ್ಲ.

ಆದರೆ ಕಸುಬು ಬದಲಾದರೆ ಹರಡುವ ಕ್ರಮವೂ ಬದಲಾಗುವುದು. ಇದೇ ನಮ್ಮ ವಿವರಣೆಗೆ ಒಳ್ಳೆಯ ಪರೀಕ್ಷೆ. ತೆಲುಗು ನೇಕಾರರಾದ ಪದ್ಮಶಾಲಿಗಳು ಮಗ್ಗದ ಕೆಲಸವನ್ನರಸಿ ಪಶ್ಚಿಮಕ್ಕೆ ಹೋದರು. ಕಲಬುರಗಿಯಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರು ದೂರದ ಸೊಲ್ಲಾಪುರದಲ್ಲಿ ಅವರದೊಂದು ದೊಡ್ಡ ನೆಲೆಯೇ ಇದೆ. ಅಂದರೆ ನಮ್ಮ ಮೂಲಬಿಂದುವಿಗೆ ತೆಲುಗು ಪೂರ್ವದಲ್ಲಿಯೂ ಉಂಟು, ಪಶ್ಚಿಮದಲ್ಲಿಯೂ ಉಂಟು! ಅಲ್ಲಿಗೇ ನಿಲ್ಲದೆ ಅವರು ಗುಜರಾತಿನ ಸೂರತಿಗೂ ಹೋದರು. ಆ ನಗರದ ಪುರಸಭೆ ತೆಲುಗು ಮಾಧ್ಯಮದ ಶಾಲೆಗಳನ್ನೂ ನಡೆಸಿದೆ. ಇತ್ತ ಗುಜರಾತಿನ ಕಡೆಯಿಂದ ಶತಮಾನಗಳ ಹಿಂದೆ ಹೊರಟ ರೇಷ್ಮೆ ನೇಕಾರರು ದಕ್ಷಿಣಕ್ಕೆ ಬಂದು ಮಧುರೆಯಲ್ಲಿ ನೆಲೆಸಿದರು. ಅವರಾಡುವ ಸೌರಾಷ್ಟ್ರ ಭಾಷೆಯ ಬೇರು ಗುಜರಾತಿಯ ಬಳಗದ್ದು. ಆದರೆ ಅದರಲ್ಲಿ ತೆಲುಗಿನ ಪದಗಳು ಧಾರಾಳವಾಗಿ ಸೇರಿಕೊಂಡಿವೆ, ಅದನ್ನು ತೆಲುಗು ಲಿಪಿಯಲ್ಲಿ ಬರೆದದ್ದೂ ಉಂಟು. ಭೂಪಟದಲ್ಲಿ ಎಲ್ಲಿಯೂ ಒಂದನ್ನೊಂದು ಮುಟ್ಟದ ಎರಡು ಭಾಷೆಗಳು ಮಗ್ಗದ ಮುಂದೆ ಹೀಗೆ ಒಂದಾದುವು.

ಕೆರೆ ಮತ್ತು ಚೆರುವು

ದೂರವನ್ನು ಕಿಲೋಮೀಟರಿನಿಂದ ಮಾತ್ರ ಅಳೆಯಬೇಕೆಂಬ ನಿಯಮವೇನೂ ಇಲ್ಲ. ಎರಡು ಭಾಷೆಗಳ ನಂಟನ್ನು ಅಳೆಯಲು ಬೇರೊಂದು ಮಾನದಂಡವುಂಟು. ಶರಣಬಸವೇಶ್ವರ ದೇವಸ್ಥಾನದ ಬಳಿಯಲ್ಲಿರುವ ಕೆರೆಯನ್ನು ಜನರು ಅಪ್ಪನ ಕೆರೆಯೆಂದು ಕರೆಯುವರು. ಈ ‘ಕೆರೆ’ಗೆ ತೆಲುಗಿನಲ್ಲಿ ‘ಚೆರುವು’ ಎಂದು ಹೆಸರು. ನಮ್ಮ ‘ಕಿವಿ’ ಅವರ ‘ಚೆವಿ’; ನಮ್ಮ ‘ಕೈ’ ಅವರ ‘ಚೆಯ್ಯಿ’. ಕನ್ನಡದ ಕಕಾರ ಇರುವೆಡೆಯಲ್ಲಿ ತೆಲುಗಿನಲ್ಲಿ ಚಕಾರ. ಹಾಗೆಯೇ ನಮ್ಮ ‘ಹಾಲು’ ಅವರ ‘ಪಾಲು’, ನಮ್ಮ ‘ಹುಲಿ’ ಅವರ ‘ಪುಲಿ’. ಈ ಬದಲಾವಣೆಗಳು ಮನಬಂದಂತೆ ಆದವಲ್ಲ. ಇಂತಹ ಸ್ವರದ ಮುಂದೆ ಇಂತಹ ವ್ಯಂಜನವು ಹೀಗೆಯೇ ಮಾರ್ಪಡುವುದೆಂಬ ಕಟ್ಟಳೆಗೆ ಒಳಪಟ್ಟವು. ಎಲ್ಲಿ ಕಟ್ಟಳೆಯುಂಟೋ ಅಲ್ಲಿ ವಿಜ್ಞಾನವುಂಟು. ಈ ದಕ್ಷಿಣದ ಭಾಷೆಗಳೆಲ್ಲ ಒಂದೇ ಮನೆತನದವು ಎಂಬುದನ್ನು 1816ರಷ್ಟು ಹಿಂದೆಯೇ ಮದರಾಸಿನ ಅಧಿಕಾರಿ ಎಲ್ಲಿಸ್ ಎಂಬಾತನು ತೋರಿಸಿಕೊಟ್ಟನು.

ಈಗ ಕೆಲವು ದಿನಬಳಕೆಯ ಪದಗಳನ್ನು ಸಾಲಾಗಿ ಇಟ್ಟು ನೋಡೋಣ:

ಕನ್ನಡ: ನೀರು, ಮನೆ, ಕೈ; ಒಂದು, ಎರಡು, ಮೂರು
ತೆಲುಗು: ನೀರು, ಇಲ್ಲು, ಚೆಯ್ಯಿ, ಒಕಟಿ, ರೆಂಡು, ಮೂಡು
ಗುಜರಾತಿ: ಪಾಣೀ, ಘರ್, ಹಾಥ್, ಏಕ್, ಬೇ, ತ್ರಣ್
ಲಂಬಾಣಿ: ಪಾಣಿ, ಘರ್, ಹಾತ್; ಏಕ್, ದಿ, ತೀನ್

ಮೊದಲೆರಡು ಸಾಲುಗಳ ನಂಟು ಕಣ್ಣಿಗೆ ಕಾಣುವಂತಿದೆ. ಮೂರು, ನಾಲ್ಕನೆಯ ಸಾಲುಗಳ ನಂಟೂ ಅಷ್ಟೇ ಸ್ಪಷ್ಟ. ಆದರೆ ಈ ನಾಲ್ಕನೆಯ ಸಾಲು ಇಲ್ಲಿಗೆ ಹೇಗೆ ಬಂತು?

ಕಮಲಾಪುರದ ದಾರಿಯಲ್ಲಿ

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಹೊರಟರೆ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುವುದು. ಆ ಸುತ್ತಿನಲ್ಲಿಯೂ, ಅದರಾಚೆಯ ಚಿಂಚೋಳಿಯ ಗುಡ್ಡಗಳಲ್ಲಿಯೂ ತಾಂಡಾಗಳು ಹಲವಿವೆ. ತಾಂಡಾದ ಜನರು ಮನೆಯಲ್ಲಿ ಆಡುವ ಮಾತು ಲಂಬಾಣಿ. ಅವರು ಅದನ್ನು ಗೋರ್‌ಬೋಲಿ ಎನ್ನುವರು. ಇದು ಕನ್ನಡವಲ್ಲ, ತೆಲುಗಲ್ಲ, ಮರಾಠಿಯೂ ಅಲ್ಲ. ಇದರ ತವರು ರಾಜಸ್ಥಾನದ ಕಡೆ. ಭಾರತದ ಭಾಷೆಗಳನ್ನು ಪರಿಶೀಲಿಸಿ ಹತ್ತಾರು ಸಂಪುಟಗಳನ್ನು ಹೊರತಂದ ಗ್ರಿಯರ್‌ಸನ್ನನು ತನ್ನ ಒಂಬತ್ತನೆಯ ಸಂಪುಟದ ಭಾಗಗಳಲ್ಲಿ ರಾಜಸ್ಥಾನಿ, ಗುಜರಾತಿ, ಭೀಲಿ, ಲಂಬಾಣಿಗಳನ್ನು ಒಟ್ಟಿಗೆ ಇರಿಸಿದನು.

ಗುಜರಾತಿಗೂ ರಾಜಸ್ಥಾನದ ಮಾತುಗಳಿಗೂ ಇರುವ ನಂಟು ಹಳೆಯದು. ಗುಜರಾತಿ ಮತ್ತು ಮಾರವಾಡಿಗಳೆರಡೂ ಒಂದೇ ಹಳೆಯ ಭಾಷೆಯ ಕವಲುಗಳೆಂಬುದನ್ನು ಇಟಲಿಯ ವಿದ್ವಾಂಸ ತೆಸ್ಸಿತೋರಿಯು 1914ರಿಂದ 1916ರವರೆಗೆ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದನು. ಲಂಬಾಣಿಯು ಗುಜರಾತಿಯೇ ಎಂದು ಇದರಿಂದ ಹೇಳಬಾರದು, ಅವೆರಡೂ ದಾಯಾದಿಗಳು. ಒಂದು ಸಣ್ಣ ಗುರುತನ್ನು ಹೇಳಬಹುದು. ಕನ್ನಡದ ‘ಇದೆ’ ಎಂಬುದಕ್ಕೆ ಉರ್ದುವಿನಲ್ಲಿ ‘ಹೈ’, ಮರಾಠಿಯಲ್ಲಿ ‘ಆಹೇ’. ಗುಜರಾತಿಯಲ್ಲಿ ‘ಛೇ’, ಲಂಬಾಣಿಯಲ್ಲಿಯೂ ಛಕಾರವೇ. ಉರ್ದು, ಮರಾಠಿಗಳ ನಡುವೆ ಇಷ್ಟು ಕಾಲ ಬಾಳಿದರೂ ಲಂಬಾಣಿ ತವರಿನ ಈ ಗುರುತನ್ನು ಬಿಟ್ಟುಕೊಡಲಿಲ್ಲ.

ಹಾಗಾದರೆ ಅದು ಹರಡಿದ ಕ್ರಮ ಯಾವುದು? ಕಂಬಳಿಯೂ ಅಲ್ಲ, ಹಾರಿದ ಬೀಜವೂ ಅಲ್ಲ. ಇದು ಮೂರನೆಯ ಬಗೆ. ಲಂಬಾಣಿಗರು ಎತ್ತುಗಳ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ಊರಿಂದೂರಿಗೆ ಸಾಗಿಸುತ್ತಿದ್ದವರು. ಅವರ ಹೆಸರು ‘ಲವಣ’ ಶಬ್ದದಿಂದಲೇ ಬಂದಿತೆಂದು ಹಲವರ ಅಭಿಪ್ರಾಯ. ಮೊಗಲರ ದಂಡುಗಳು ದಖನಿಗೆ ಇಳಿದಾಗ ಅವಕ್ಕೆ ಧಾನ್ಯವನ್ನು ಒದಗಿಸಿದವರೂ ಇವರೇ. ಅವರ ಮಾತು ದಾರಿಯುದ್ದಕ್ಕೂ ಹರಿಯುವ ಧಾರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಬಂಡಿ ಬಂತು. ಮುಂಬಯಿಯಿಂದ ಹೊರಟ ಹಳಿ ಈ ಸೀಮೆಯನ್ನು ಹಾದು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿಕೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ದಾರಿಯಾಯಿತು. ಸಾವಿರ ಎತ್ತುಗಳ ಹೊರೆಯನ್ನು ಒಂದು ಎಂಜಿನ್ನು ಒಂದೇ ದಿನದಲ್ಲಿ ಎಳೆಯತೊಡಗಿದ ಮೇಲೆ ಎತ್ತಿನ ಹೇರಿಗೆ ಬೆಲೆಯೆಲ್ಲಿ? ಧಾರೆ ನಿಂತಿತು, ನಿಂತ ಕಡೆಗಳಲ್ಲಿ ಹನಿಹನಿಯಾಗಿ ತಾಂಡಾಗಳು ಉಳಿದುವು. ಹೀಗೆ ಗುಜರಾತಿಯ ದಾಯಾದಿಯೊಬ್ಬಳು, ತೆಲುಗಿನ ನೆಲಕ್ಕಿಂತ ನಮ್ಮ ದೇವಸ್ಥಾನಕ್ಕೆ ಹತ್ತಿರದಲ್ಲಿಯೇ ಮನೆ ಹೂಡಿದಳು. ಕಲಬುರಗಿ ಜಿಲ್ಲೆಯಲ್ಲಿ ಕನ್ನಡ, ಉರ್ದುಗಳ ಅನಂತರದ ಸ್ಥಾನ ಲಂಬಾಣಿಗೆ. ತೆಲುಗಿನದು ಅದಕ್ಕೂ ಕೆಳಗಿನದು. 500 ಕಿಲೋಮೀಟರಿನ ಲೆಕ್ಕ ನಮಗೆ ಇದನ್ನು ತಿಳಿಸಲಿಲ್ಲ.

ಗಡಿಯ ಗೆರೆ

ಬೆಸುಗೆಯ ಕೀಲುಗಳಲ್ಲಿಯೂ ಎರಡು ಬಗೆ. ಗುಜರಾತಿನಿಂದ ಉತ್ತರಕ್ಕೆ ರಾಜಸ್ಥಾನದೊಳಕ್ಕೆ ಹಳ್ಳಿಯಿಂದ ಹಳ್ಳಿಗೆ ನಡೆದುಹೋದರೆ, ಮಾತು ಕಾಮನಬಿಲ್ಲಿನ ಬಣ್ಣದಂತೆ ಮೆಲ್ಲಮೆಲ್ಲನೆ ಬದಲಾಗುವುದು; ಇಲ್ಲಿಗೆ ಒಂದು ಮುಗಿಯಿತು, ಇಲ್ಲಿಂದ ಇನ್ನೊಂದು ಎಂದು ಹೇಳುವುದು ಕಷ್ಟ. ಸೇಡಮಿನಿಂದ ತಾಂಡೂರಿಗೆ ಹೋದರೆ ಹಾಗಲ್ಲ. ಅಲ್ಲಿ ಕನ್ನಡವೂ ತೆಲುಗೂ ಬೆರೆತು ಮೂರನೆಯದೊಂದು ಮಾತಾಗುವುದಿಲ್ಲ. ಒಬ್ಬನೇ ಮನುಷ್ಯನು ಎರಡನ್ನೂ ಬೇರೆಬೇರೆಯಾಗಿಯೇ ಆಡುವನು. ಗಡಿಯ ಗೆರೆ ಅಲ್ಲಿ ನೆಲದ ಮೇಲೆ ಹಾದುಹೋಗುವುದಿಲ್ಲ, ಮನುಷ್ಯನ ಬಾಯಿಯಲ್ಲಿಯೇ ಹಾದುಹೋಗುವುದು.

ಈ ಗೆರೆ ಸ್ಥಿರವೂ ಅಲ್ಲ. ಕಲಬುರಗಿಯ ನೆರೆಯ ಮಳಖೇಡದಿಂದ ರಾಷ್ಟ್ರಕೂಟರು ಆಳುತ್ತಿದ್ದ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಗೋದಾವರಿಯೆಂದು ಹೇಳಿದೆ. ಆ ರಾಷ್ಟ್ರಕೂಟರದೇ ಒಂದು ಶಾಖೆ ದಕ್ಷಿಣ ಗುಜರಾತಿನ ಲಾಟದೇಶವನ್ನು ಆಳಿತು. ಇಂದು ಗೋದಾವರಿ ಹರಿಯುವುದು ಮರಾಠಿ, ತೆಲುಗುಗಳ ನಾಡಿನಲ್ಲಿ.

ಆದರೂ ಆಡಳಿತಕ್ಕೆ ಒಂದು ಗೆರೆ ಬೇಕೇ ಬೇಕು. 1953ರಲ್ಲಿ ನೇಮಕವಾಗಿ 1955ರಲ್ಲಿ ವರದಿಯನ್ನೊಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು, ನೂರಕ್ಕೆ ಎಪ್ಪತ್ತರಷ್ಟು ಜನ ಒಂದೇ ಭಾಷೆಯವರಾಗಿದ್ದರೆ ಆ ರಾಜ್ಯವನ್ನು ಏಕಭಾಷಾ ರಾಜ್ಯವೆಂದು ತಿಳಿಯಬಹುದೆಂದಿತು. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನ ಒಡೆದು ಹಂಚಿಹೋದಾಗ, ಕಲಬುರಗಿ ಜಿಲ್ಲೆ ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಅದರ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದುವು. ಇದು ನ್ಯಾಯವಾದ ಏರ್ಪಾಡು; ತನ್ನ ಮಾತಿನಲ್ಲಿಯೇ ಅರ್ಜಿ ಬರೆದು ಉತ್ತರ ಪಡೆಯುವ ಹಕ್ಕು ಕೋಟಿಗಟ್ಟಲೆ ಜನರಿಗೆ ಇದರಿಂದ ದೊರೆಯಿತು. ಆದರೆ ನೂರಕ್ಕೆ ಎಪ್ಪತ್ತು ಎಂಬ ಅಳತೆಯಲ್ಲಿ ಉಳಿದ ಮೂವತ್ತು ಕಾಣದೆಹೋಗುವುದು. ಒಂದು ಕೋಣೆಯ ಸರಾಸರಿ ಉಷ್ಣತೆಯನ್ನು ಹೇಳಿದ ಮಾತ್ರಕ್ಕೆ ಒಲೆಯ ಬಳಿ ಕುಳಿತವನ ಸೆಕೆಯಾಗಲಿ, ಕಿಟಕಿಯ ಬಳಿ ಕುಳಿತವನ ಚಳಿಯಾಗಲಿ ತಿಳಿದೀತೆ?

ಲೆಕ್ಕಕ್ಕೆ ಸಿಕ್ಕದ ಮಾತು

ತೆಲುಗಿಗೂ ಗುಜರಾತಿಗೂ ರಾಜ್ಯಗಳುಂಟು, ಲಿಪಿಗಳುಂಟು, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ 1950ರಿಂದಲೂ ಸ್ಥಾನವುಂಟು. ಆದ್ದರಿಂದ ಸೂರತಿನ ತೆಲುಗನೂ ಮುಂಬಯಿಯ ಗುಜರಾತಿಗನೂ ಮನೆಯಿಂದ ದೂರವಿದ್ದರೂ, ಬೆನ್ನ ಹಿಂದೆ ಒಂದು ಮನೆಯುಳ್ಳವರು. ಲಂಬಾಣಿಗೆ ಅಂತಹ ಬಣ್ಣ ಯಾವ ಭೂಪಟದಲ್ಲಿಯೂ ಇಲ್ಲ. ಸ್ವಂತ ಲಿಪಿಯೂ ಬಳಕೆಯಲ್ಲಿಲ್ಲ. ಅದನ್ನು ಕರ್ನಾಟಕದಲ್ಲಿ ಕನ್ನಡದಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುವರು. 2011ರ ಜನಗಣತಿಯಲ್ಲಿ ತಮ್ಮ ಮಾತೃಭಾಷೆ ಲಮಾಣಿ ಅಥವಾ ಲಂಬಾಡಿ ಎಂದು ಬರೆಯಿಸಿದವರು 32 ಲಕ್ಷಕ್ಕೂ ಹೆಚ್ಚು. ಬಂಜಾರಿ ಎಂದವರು 15 ಲಕ್ಷಕ್ಕೂ ಹೆಚ್ಚು. ಅನುಸೂಚಿಯಲ್ಲಿ ಸ್ಥಾನವಿರುವ ಕೊಂಕಣಿಯವರ ಸಂಖ್ಯೆ ಆಗ 22 ಲಕ್ಷದಷ್ಟು. ಆದರೆ ಜನಗಣತಿಯ ಕೋಷ್ಟಕದಲ್ಲಿ ಲಂಬಾಣಿ, ಬಂಜಾರಿಗಳೆರಡನ್ನೂ ಹಿಂದಿಯ ತಲೆಬರಹದ ಕೆಳಗೆ ಸೇರಿಸಿದೆ. ಕಮಲಾಪುರದ ತಾಂಡಾದ ಅಜ್ಜಿ, ತಾನು ಎಂದೂ ಆಡದ ಹಿಂದಿಯ ಲೆಕ್ಕವನ್ನು ತನಗರಿಯದಂತೆಯೇ ಹೆಚ್ಚಿಸಿದ್ದಾಳೆ!

ಇದು ಬರಿಯ ಕೋಷ್ಟಕದ ಮಾತಲ್ಲ. ಬಹುಕಾಲ ತಾಂಡಾಗಳಿಗೆ ಕಂದಾಯದ ದಫ್ತರಿನಲ್ಲಿ ಊರೆಂಬ ಹೆಸರೇ ಇರಲಿಲ್ಲ. 2023ರ ಜನವರಿಯಲ್ಲಿ ಅದೇ ಮಳಖೇಡದಲ್ಲಿ, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ತಾಂಡಾಗಳ ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಮನೆಯ ಹಕ್ಕುಪತ್ರಗಳನ್ನು ಹಂಚಲಾಯಿತು. ನೆಲಕ್ಕೆ ಹೆಸರು ಬಂತು. ಮಾತಿಗೆ ಇನ್ನೂ ಬರಬೇಕಾಗಿದೆ.

ಅದರ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಕಾಣಬರುವುದು ಒಂದನೆಯ ತರಗತಿಯಲ್ಲಿ. ಆರು ವರ್ಷದ ಮಗು ‘ಪಾಣಿ’ಯನ್ನು ಕುಡಿದು ‘ಘರ್’ನಿಂದ ಹೊರಟು ಶಾಲೆಗೆ ಬರುವುದು. ಅಲ್ಲಿ ಉಪಾಧ್ಯಾಯರು ‘ನೀರು’, ‘ಮನೆ’ ಎಂದು ಕರಿಹಲಗೆಯ ಮೇಲೆ ಬರೆಯುವರು. ಪಕ್ಕದಲ್ಲಿ ಕುಳಿತ ಕನ್ನಡದ ಮಗು ಅಕ್ಷರವನ್ನು ಮಾತ್ರ ಕಲಿತರೆ ಸಾಕು. ತಾಂಡಾದ ಮಗು ಅಕ್ಷರವನ್ನೂ ಪದವನ್ನೂ ಒಟ್ಟಿಗೆ ಕಲಿಯಬೇಕು. ಎರಡು ಹೊರೆ ಹೊತ್ತವನು ನಿಧಾನವಾಗಿ ನಡೆದರೆ ಅವನ ಕಾಲಿನಲ್ಲಿ ಬಲವಿಲ್ಲವೆಂದು ಯಾರೂ ಹೇಳಬಾರದು. ಉಪಾಧ್ಯಾಯರು ಲಂಬಾಣಿಯ ನೂರು ಪದಗಳನ್ನು ಕಲಿತುಕೊಂಡು ‘ಪಾಣಿ ಎಂದರೆ ನೀರು’ ಎಂದು ಆರಂಭಿಸಿದರೂ ಹೊರೆ ಅರ್ಧ ಇಳಿಯುವುದು. ಕನ್ನಡಕ್ಕೆ ಇದರಿಂದ ನಷ್ಟವಿಲ್ಲ; ಬೇಗ ಕನ್ನಡ ಕಲಿತ ಮಗುವೊಂದು ಅದಕ್ಕೆ ಲಾಭವೇ.

ತೆಲುಗು ಎಲ್ಲಿದೆ, ಗುಜರಾತಿ ಎಲ್ಲಿದೆ ಎಂಬ ಪ್ರಶ್ನೆಗೆ ಭೂಪಟವನ್ನು ತೋರಿಸಿದ ವಿದ್ಯಾರ್ಥಿಗೆ ನಾವು ಗುಣಾಂಕವನ್ನು ಕೊಡೋಣ. ಆದರೆ ಅವನನ್ನು ಮತ್ತೊಂದು ಪ್ರಶ್ನೆಯನ್ನೂ ಕೇಳೋಣ: ನಿನ್ನ ಬೆಂಚಿನಲ್ಲಿ ನಿನ್ನ ಪಕ್ಕದಲ್ಲಿ ಕುಳಿತಿರುವವನು ಮನೆಯಲ್ಲಿ ತಾಯಿಯೊಡನೆ ಯಾವ ಮಾತನ್ನಾಡುತ್ತಾನೆ? ಅದಕ್ಕೆ ಉತ್ತರ ಭೂಪಟದಲ್ಲಿ ಸಿಕ್ಕದು; ಅವನನ್ನೇ ಕೇಳಿ ತಿಳಿಯಬೇಕು.